ಮೂಲಾ ನಕ್ಷತ್ರದ ಸೊಸೆ

ನಾನು ಒಂದು ಹಿತ್ತಾಳೆಯ ನಕ್ಷತ್ರ. ಅಚ್ಚಿನ ಒಂದೇ ಏಟಿಗೆ ನನಗೆ ಐದು ಮೂಲೆಗಳು ಬಂದವು. ಬೆನ್ನಿಗೆ ತಿರುಪು ಕೂರಿಸಿದರು. ಹುಬ್ಬಳ್ಳಿಯ ಅಂಗಡಿಯೊಂದರಿಂದ ನನ್ನನ್ನೂ ನನ್ನ ಜೊತೆಗಾರನನ್ನೂ ಕೊಂಡವರು ಶಿವಪುತ್ರಪ್ಪ. ಮೂವತ್ತು ವರ್ಷ ಪೊಲೀಸ್ ಕೆಲಸ ಮಾಡಿದ ಮೇಲೆ ಅವರಿಗೆ ಎ.ಎಸ್.ಐ. ಬಡ್ತಿ ಸಿಕ್ಕಿತ್ತು. ಎಡ ಹೆಗಲಿಗೆ ನಾನು, ಬಲ ಹೆಗಲಿಗೆ ಅವನು. ಆ ದಿನ ಅವರು ರಾಣೆಬೆನ್ನೂರಿನ ಪೇಟೆಯಲ್ಲಿ ಬೇಕೆಂದೇ ಸುತ್ತುಹಾಕಿ ಮನೆಗೆ ಹೋದರು.

ನಾಲ್ಕೇ ವರ್ಷಕ್ಕೆ ನಿವೃತ್ತಿ ಬಂತು. ಆದರೂ ಅವರು ನಮ್ಮನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದರು.

ಅದೇ ವರ್ಷ ಮಗ ವಿರೂಪಾಕ್ಷನಿಗೆ ಸವಣೂರಿನ ನೀಲಗಂಗಾ ಎಂಬ ಹುಡುಗಿ ಒಪ್ಪಿಗೆಯಾದಳು. ಅವಳು ಪೊಲೀಸ್ ಪೇದೆ. ಜಾತಕ ನೋಡಿದರೆ ಮೂಲಾ ನಕ್ಷತ್ರ. ಅದೇ ಕಾರಣಕ್ಕೆ ಆಗಲೇ ಮೂರು ಮನೆಯವರು ಅವಳನ್ನು ಬೇಡವೆಂದಿದ್ದರು.

"ಮೂಲಾ ನಕ್ಷತ್ರದಾಕಿ ಮಾವನ್ನ ಉಳಸೂದಿಲ್ಲ. ಬ್ಯಾಡೋ ಶಿವಪುತ್ರ" ಎಂದು ಅವರ ಅಕ್ಕ ಚನ್ನಬಸವ್ವ ಅತ್ತೇಬಿಟ್ಟರು.

ಶಿವಪುತ್ರಪ್ಪ ನನ್ನನ್ನು ಜೇಬಿನಿಂದ ತೆಗೆದು ಅಂಗೈ ಮೇಲಿಟ್ಟುಕೊಂಡರು. "ಅಕ್ಕಾ, ನಾಕು ವರ್ಷ ಹೆಗಲ ಮ್ಯಾಲ ನಕ್ಷತ್ರ ಹೊತ್ತೀನಿ. ಇನ್ನೊಂದು ಮನಿಯೊಳಗ ಬಂದ್ರ ನನಗೇನು ಭಾರ?"

ಮದುವೆಯಾಯಿತು. ಏಳು ತಿಂಗಳಿಗೆ ಒಂದು ಬೆಳಿಗ್ಗೆ ಅವರ ಎದೆಬಡಿತ ತಪ್ಪಿತು. ಜೇಬಿನಲ್ಲಿದ್ದ ನಾನೇ ಅದನ್ನು ಮೊದಲು ಕೇಳಿದವನು. ಆಸ್ಪತ್ರೆಗೆ ಬಂದ ನೆಂಟರೆಲ್ಲ ಸೊಸೆಯ ಕಡೆಗೇ ನೋಡಿದರು. ನೀಲಗಂಗಾ ಸಮವಸ್ತ್ರದಲ್ಲೇ ಎರಡು ದಿನ ಹೊರಗಿನ ಬೆಂಚಿನ ಮೇಲೆ ಕುಳಿತಳು. ಒಳಗೆ ಕಾಲಿಡಲಿಲ್ಲ. ಎಚ್ಚರವಾದ ಮೇಲೆ ಶಿವಪುತ್ರಪ್ಪನವರೇ ಅವಳನ್ನು ಕರೆಸಿದರು. ಮಂಚಕ್ಕೆ ತೂಗುಹಾಕಿದ್ದ ಅಂಗಿಯಲ್ಲಿ ನಾನಿದ್ದೆ.

"ಯಾಕ ನೀಲವ್ವ, ಹೊರಗ ಕುಂತಿ?"

"ಮಾವಾರ, ನಾ ತವರಮನಿಗೆ ಹೋಗಿಬಿಡ್ತೀನಿ. ನೀವು ಉಳದ್ರ ಸಾಕು."

"ಹುಚ್ಚಿ! ನಲವತ್ತು ವರ್ಷ ಬೀಡಿ ಸೇದಿದಾಂವ ನಾನು. ನಿನ್ನ ನಕ್ಷತ್ರ ಏನ್ಮಾಡೀತು? ಮೊದಲ ಏನರ ತಿಂದು ಬಾ."

ಅವಳು ಬಾಗಿಲ ಚೌಕಟ್ಟು ಹಿಡಿದು ಬಹಳ ಹೊತ್ತು ಅತ್ತಳು. ಅವರು ಬೀಡಿ ಬಿಟ್ಟರು. ಚನ್ನಬಸವ್ವ ನಕ್ಷತ್ರದ ಮಾತು ಬಿಟ್ಟರು.

ಆಮೇಲಿನ ವರ್ಷಗಳು ನನ್ನ ಒಳ್ಳೆಯ ದಿನಗಳು. ಭಾನುವಾರ ಹುಣಸೆಹಣ್ಣಿನಿಂದ ನಮ್ಮನ್ನು ಉಜ್ಜುತ್ತ ಅವರು ಹಳೆಯ ಕಳ್ಳರ ಕಥೆ ಹೇಳುತ್ತಿದ್ದರು. ನೀಲಗಂಗಾ ರೊಟ್ಟಿ ಬಡಿಯುತ್ತ ಸುಳ್ಳು ಎಲ್ಲಿದೆ ಎಂದು ಹಿಡಿಯುತ್ತಿದ್ದಳು.

ಅವಳಿಗೂ ಎ.ಎಸ್.ಐ. ಬಡ್ತಿ ಬಂದಾಗ ಅವರಿಗೆ ಎಂಬತ್ತೈದು. ಕಣ್ಣು ಮಂಜಾಗಿತ್ತು. "ಹೊಸಾವು ತರಬ್ಯಾಡ" ಎಂದು ಹಟಹಿಡಿದು ತಾವೇ ನಮ್ಮನ್ನು ತೊಡಿಸಲು ಬಂದರು. ತಿರುಪು ಮೂರು ಸಲ ಜಾರಿತು. ಠಾಣೆಗೆ ಹೊತ್ತಾಗಿದ್ದರೂ ಅವಳು ಮೊಣಕಾಲು ಬಗ್ಗಿಸಿ ಅವರ ಕೈಗೆ ಎಟುಕುವಂತೆ ನಿಂತಳು.

"ಸಾವಕಾಶ ಮಾವಾರ. ನನಗೇನು ಅವಸರಿಲ್ಲ."

ಎರಡು ವರ್ಷದ ನಂತರ ಅವರು ತೀರಿಕೊಂಡರು. ಈಗ ನೀಲಗಂಗಾಳಿಗೂ ನಿವೃತ್ತಿಯಾಗಿದೆ. ನಾನು ಕಪಾಟಿನ ಪುಟ್ಟ ಡಬ್ಬಿಯಲ್ಲಿದ್ದೇನೆ. ಹೊರಗೆ ಬೀದಿಯಲ್ಲಿ ಹುಡುಗರು ಯಾವ ನಟ ದೊಡ್ಡ ಸ್ಟಾರ್ ಎಂದು ಜಗಳವಾಡುತ್ತಾರೆ. ಪಕ್ಕದ ಮನೆಯಲ್ಲಿ ಯಾರದೋ ಜನ್ಮನಕ್ಷತ್ರ ಕೇಳುತ್ತಾರೆ. ನಕ್ಷತ್ರಗಳೇ ಮನುಷ್ಯರನ್ನು ನಡೆಸುತ್ತವಂತೆ. ನನಗದು ತಿಳಿಯದು. ನನ್ನನ್ನಂತೂ ಮನುಷ್ಯರೇ ಹೊತ್ತು ನಡೆದರು.