ತೊಳೆದ ಅಕ್ಷರದ ನೀರು

ಹಳದಿ ಹಾಳೆಗೆ ಹತ್ತು ರೂಪಾಯಿ, ಗೋಂದಿಗೆ ಹತ್ತು, ಕೆಂಪು ಸ್ಕೆಚ್ ಪೆನ್ನಿಗೆ ಹದಿನೈದು. ಮೂವತ್ತೈದು ರೂಪಾಯಿಯಲ್ಲಿ ಒಂದು ಮನೆಯನ್ನೇ ನಡುಗಿಸಬಹುದು ಎಂದು ಮೆಹನಾಜಳಿಗೆ ಗೊತ್ತಿರಲಿಲ್ಲ.

ಸುರಪುರದ ರಂಗಂಪೇಟೆಯಲ್ಲಿ ಮಲ್ಲಾಬಾಯಿಯ ಹೊರಕೋಣೆ ಬಾಡಿಗೆ ಹಿಡಿದು ಅವಳು ಹನ್ನೊಂದು ಹೆಂಗಸರಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಇಂಗ್ಲಿಷ್ ಅಂದರೆ ಸಾಕು, ಅವರ ನಾಲಿಗೆ ಒಣಗುತ್ತಿತ್ತು. ಆ ಅಂಜಿಕೆ ಬಿಡಿಸಲು ಒಂದು ದಿನ ಅಂದಳು:

"ಇಂಗ್ಲಿಷೂ ಕಡ ತಂದ ಸಂಸಾರ ಮಾಡೇತ್ರಿ. ನಮ್ಮ ಚಾವಿ, ಅಲಮಾರಿ ಪೋರ್ಚುಗೀಸರವು. ಕುರ್ಚಿ ಅರಬರದು, ಚಹಾ ಚೀನಾದ್ದು. ಮಂಚಕ್ಕ ಅವರು ಅನ್ನೋ 'ಕಾಟ್' ನಮ್ಮ ಹಿಂದಿ ಖಾಟ್. ಎಲ್ಲಾರೂ ಕಡ ತಂದವರ ಇದ್ದಾಗ ಯಾರಿಗ್ಯಾಕ ಅಂಜಬೇಕು?"

ಒಂದೊಂದು ಮಾತಿಗೆ ಒಂದೊಂದು ಚೀಟಿ. ಮೇಲೆ ಕನ್ನಡ, ಇಂಗ್ಲಿಷ್. ಕೆಳಗೆ ಕೆಂಪಿನಲ್ಲಿ, ಆ ಮಾತು ಹುಟ್ಟಿದ ನಾಡಿನ ಲಿಪಿಯಲ್ಲಿ ಅದೇ ಮಾತು. ಮನೆಯ ಸಾಮಾನಿಗೆ ಅಂಟಿಸಿ ಓದಿಕೊಳ್ಳಿ ಎಂದು ಕೊಟ್ಟು ಕಳಿಸಿದಳು.

ಆ ಹನ್ನೊಂದು ಮಂದಿಯಲ್ಲಿ ಒಬ್ಬಳಾದ ದೇವಿಕಾಳ ಮನೆಯಲ್ಲಿ ಗೋಂದು ಅಲಮಾರಿಗೆ ಹಿಡಿಯಿತು, ಮಗಳು ಮಲಗುವ ಮಂಚಕ್ಕೆ ಹಿಡಿಯಲಿಲ್ಲ. ದೇವಿಕಾ ಆ ಚೀಟಿಯನ್ನು ಸೂಜಿಯಿಂದ ಮಂಚದ ಮೇಲೆ ಹಾಸಿದ ಕೌದಿಗೆ ಚುಚ್ಚಿದಳು. ಮರುದಿನ ಮಗುವಿಗೆ ಜ್ವರ ಬಂತು. ಅತ್ತೆ ದುರಗಮ್ಮ ಕೌದಿ ಜಾಡಿಸಿದಾಗ ಸೂಜಿ ಸಿಕ್ಕಿತು, ಅದರ ತುದಿಗೆ ಓದಲು ಬಾರದ ಕೆಂಪು ಅಕ್ಷರ. ಆ ಸೀಮೆಯಲ್ಲಿ ಇವೆರಡೂ ಕೂಡಿ ಸಿಕ್ಕರೆ ಮತ್ತೇನೂ ಕೇಳುವುದಿಲ್ಲ. ಬಾನಾಮತಿ, ಯಾರೋ ಮಾಟ ಮಾಡಿಟ್ಟಿದ್ದಾರೆ.

ಮೂರನೆಯ ದಿನ ಮಧ್ಯಾಹ್ನ ಮಲ್ಲಾಬಾಯಿ ಏದುಸಿರು ಬಿಡುತ್ತ ಬಂದಳು.

"ಮೆಹನಾಜ, ದುರಗಮ್ಮ ಕರ್ಯಾಕತ್ತಾಳ. ಬರದಾಕಿನ ಬಂದು, ಬರದದ್ದು ತೊಳದು ಆ ನೀರು ಕುಡೀಬೇಕಂತ. ಅಂದ್ರ ಮಾಟ ಮುರೀತದಂತ."

"ಕೂಸು ಹ್ಯಾಂಗೈತ್ರಿ?"

"ಕಣ್ಣ ತೆರೀವಲ್ದು. ಮಾಟ ಮುರಿಯೋತನಕ ದವಾಖಾನಿಗೆ ಒಯ್ಯಂಗಿಲ್ಲ ಅಂತ ಕುಂತಾಳ. ನೀ ಹೋಗಬ್ಯಾಡ. ಕುಡದಿ ಅಂದ್ರ ಮಾಟ ಮಾಡೀನಿ ಅಂತ ಒಪ್ಪಿಕೊಂಡಂಗ. ಆಮ್ಯಾಲ ಈ ಊರಾಗ ನಿನ್ನ ಹತ್ರ ಯಾರು ಕಲೀತಾರ?"

ಬಾಗಿಲು ಹಾಕಿಕೊಂಡು ಒಳಗೆ ಕೂಡಬಹುದಿತ್ತು. ಆದರೆ ಕಣ್ಣು ತೆರೆಯದ ಕೂಸು ಎಷ್ಟು ಹೊತ್ತು ಕಾದೀತು? ಚಪ್ಪಲಿ ಮೆಟ್ಟಿದಳು.

ಓಣಿಯಲ್ಲಿ ಅವಳು ಹೋಗುವಾಗ ನಳದ ಹತ್ತಿರ ನಿಂತವಳೊಬ್ಬಳು ತನ್ನ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ದುರಗಮ್ಮನ ಅಂಗಳದಲ್ಲಿ ಇಪ್ಪತ್ತು ಮಂದಿ. ನಡುವೆ ಒಂದು ಮೊರ, ಅದರಲ್ಲಿ ಬೂದಿ, ಬೂದಿಯ ಮೇಲೆ ಚೀಟಿಗಳು. ಮೊರದ ಸುತ್ತ ಮಾರು ದೂರ ಯಾರೂ ನಿಂತಿರಲಿಲ್ಲ.

"ಇಂಗ್ಲಿಷ್ ಕಲಸಾಕ ಸೂಜಿ ಯಾಕ ಬೇಕಾತಬೇ ನಿನಗ?" ದುರಗಮ್ಮ ಕೇಳಿದಳು.

"ಸೂಜಿ ನಿಮ್ಮ ಮನೀದ್ರಿ ದೊಡ್ಡವ್ವಾ. ಅಕ್ಷರ ಅಷ್ಟ ನನ್ನವು."

"ಸೂಜಿ ನಾನ ಚುಚ್ಚೀನಿ ಅತ್ತೀ," ದೇವಿಕಾ ಒಳಗಿನಿಂದ ಅತ್ತಳು.

"ನೀ ಬಾಯಿ ಮುಚ್ಚು. ನಿನ್ನ ಕೈಲೇ ಮಾಡಿಸ್ಯಾಳ, ನಿನಗೇನ ತಿಳೀತದ?"

ಹಿಂದಿನಿಂದ ಗಂಡುದನಿಯೊಂದು ಬಂತು: "ಹಲ್ಲು ಕೀಳ್ರಿ ಆಕೀವು. ಹಲ್ಲು ಹೋದ್ರ ಮಂತ್ರ ನಿಂತು ಹೋಗತಾವ."

ಯಾರೂ ಅವನನ್ನು ಗದರಿಸಲಿಲ್ಲ. ಮೆಹನಾಜಳ ನಾಲಿಗೆ ತಾನಾಗಿ ಮುಂದಿನ ಹಲ್ಲು ಮುಟ್ಟಿ ನೋಡಿತು. ಇವರಿಗೆ ಈಗ ಪಾಠ ಹೇಳಿದರೆ ನಡೆಯುವುದಿಲ್ಲ, ವ್ಯಾಪಾರ ಕುದುರಿಸಿದರೆ ನಡೆದೀತು.

"ಕುಡೀತೀನ್ರಿ. ಆದ್ರ ಮೊದಲ ಬಾಗಿಲಿಗೆ ಆಟೋ ಬರಬೇಕು, ಕೂಸು ಅದರಾಗ ಇರಬೇಕು. ನಾ ಕುಡದ ಕೂಡ್ಲೆ ಗಾಡಿ ದವಾಖಾನಿಗೆ ಹೊಂಡಬೇಕು."

"ನೀ ಓಡಿ ಹೋದ್ರ?"

"ಗಾಡಿ ತಿರುಗಿ ಬರೋತನಕ ಇಲ್ಲೇ ಕುಂಡ್ರತೀನಿ."

ದುರಗಮ್ಮ ಅವಳ ಮುಖವನ್ನೇ ನೋಡಿ, "ಆಟೋ ತರ್ರಿ," ಅಂದಳು.

ಚೀಟಿಗಳನ್ನು ತಂಬಿಗೆಯ ನೀರಿನಲ್ಲಿ ಅದ್ದಿದಾಗ ಕೆಂಪು ಬಿಟ್ಟುಕೊಂಡಿತು. ಮೆಹನಾಜ ಕಣ್ಣು ಮುಚ್ಚಿ ಅಷ್ಟನ್ನೂ ಕುಡಿದಳು. ಕಹಿ. ಆಟೋ ಹೋಯಿತು. ಎರಡು ತಾಸು ಅವಳು ಆ ಇಪ್ಪತ್ತು ಮಂದಿಯ ನಡುವೆ ಕುಳಿತಳು, ನೀರು ಕೇಳಲೂ ಧೈರ್ಯವಾಗಲಿಲ್ಲ. ಹಲ್ಲಿನ ಮಾತಾಡಿದವನು ಬೀಡಿ ಸೇದುತ್ತ ಅವಳ ಬಾಯಿಯನ್ನೇ ನೋಡುತ್ತಿದ್ದ.

ಗಾಡಿ ಬಂತು. ಡಾಕ್ಟರು ಸಲೈನ್ ಹಚ್ಚಿದ್ದಾರೆ, ಕೂಸು ಕಣ್ಣು ತೆರೆಯಿತು ಎಂದು ಆಟೋದವನು ಹೇಳಿದ.

"ನೋಡಿದ್ರೇನು? ಕುಡದಳು, ಮಾಟ ಮುರೀತು," ಅಂದರು ಎಲ್ಲರೂ. ಸಲೈನಿನ ಮಾತು ಯಾರೂ ಎತ್ತಲಿಲ್ಲ.

ಮಗು ಉಳಿಯಿತು. ಮೆಹನಾಜಳ ಹಲ್ಲೂ ಉಳಿದವು. ಹನ್ನೊಂದು ಹೆಂಗಸರಲ್ಲಿ ಮರುದಿನ ಪಾಠಕ್ಕೆ ಬಂದವರು ಇಬ್ಬರು, ದೇವಿಕಾ ಬರಲಿಲ್ಲ. ತಿಂಗಳು ತುಂಬುವ ಮೊದಲೇ ಆ ಇಬ್ಬರೂ ನಿಂತರು, ಮೆಹನಾಜ ಕೋಣೆ ಬಿಟ್ಟಳು.