ಅಸಲಿ ಪುಡಿ ಯಾರಿಗೆ

ಆರೋಗ್ಯವಾಗಿರುವವರಿಗೇ ಪುಡಿ ಕುಡಿಸಿ ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದಾಗಲೇ ನನಗೆ ತಲೆ ಕೆಟ್ಟಿತ್ತು. ತರೀಕೆರೆಯಿಂದ ಬಂದಿದ್ದ ಸಂಘಮಿತ್ರಾ ಎಂಬ ಹುಡುಗಿ ನಮ್ಮ ಜಗಲಿಯ ಮೇಲೆ ಕೂತು ತಾಳ್ಮೆಯಿಂದ ಬಿಡಿಸಿ ಹೇಳಿದಳು. ಇದು ಔಷಧಿಯಲ್ಲ, ಕರುಳಿಗೆ ಒಳ್ಳೆಯದು ಮಾಡಬಹುದಾದ ಒಂದು ಪುಡಿ. ನಿಜವಾಗಿ ಮಾಡುತ್ತದೋ ಇಲ್ಲವೋ ನೋಡಲು ರೋಗವಿಲ್ಲದ ಜನ ಬೇಕು. ದಿನಾ ಬೆಳಿಗ್ಗೆ ಮಜ್ಜಿಗೆಗೆ ಬೆರೆಸಿ ಕುಡಿಯಬೇಕು.

ಪಕ್ಕದ ಮನೆಯ ಸಿದ್ದೇಶ್ ಭಾವ, ಅಂದರೆ ನನ್ನ ಗಂಡನ ಅಣ್ಣ, ಆಗಲೇ ಸೇರಿಕೊಂಡಿದ್ದರು. ಅದು ಕಿವಿಗೆ ಬಿದ್ದ ಮೇಲೆ ನಮ್ಮವರು ಬಿಟ್ಟಾರೆಯೇ. "ಅವನಿಗಿಂತ ನಾನೇ ಗಟ್ಟಿ, ಬರ್ಕೊಳ್ಳಮ್ಮ, ಮೋಹನ್ ಅಂತ" ಎಂದರು.

"ಕೆಲವರಿಗೆ ಅಸಲಿ ಪುಡಿ ಬರುತ್ತೆ, ಕೆಲವರಿಗೆ ಬರೀ ಹಿಟ್ಟು. ನೋಡಕ್ಕೆ ಎರಡೂ ಒಂದೇ ಥರ. ಯಾರಿಗೆ ಯಾವುದು ಅಂತ ನಿಮಗೂ ಗೊತ್ತಾಗಲ್ಲ, ನಂಗೂ ಗೊತ್ತಿಲ್ಲ" ಎಂದಳು ಸಂಘಮಿತ್ರಾ.

ನಮ್ಮತ್ತೆ ಜಯಲಕ್ಷ್ಮಮ್ಮ ಮಜ್ಜಿಗೆ ಕಡೆಯುವುದನ್ನು ನಿಲ್ಲಿಸಿದರು. "ಕೊಡೋಳಿಗೇ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತವ್ವ?"

"ಆಫೀಸಲ್ಲಿ ಕಂಪ್ಯೂಟರಿಗೆ ಗೊತ್ತು ಅಜ್ಜಿ."

ಅತ್ತೆ ನನ್ನ ಮುಖ ನೋಡಿದರು. ನನಗೂ ಅರ್ಥವಾಗಿರಲಿಲ್ಲ.

ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ತೋಟ ಪಾಲಾದಾಗ ತೆಂಗಿನ ಮರಗಳಿಗೆ ಜಗಳವಾಗಲಿಲ್ಲ, ಜಮೀನಿಗೂ ಆಗಲಿಲ್ಲ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ ಯಾರ ಗೋಡೆಯ ಮೇಲಿರಬೇಕು ಎಂಬುದಕ್ಕೆ ಆಯಿತು. ಅಂದಿನಿಂದ "ನೀರು ಬಿಡಕ್ಕೆ ಹೇಳು ಅವನಿಗೆ", "ಬಿಡಲ್ಲ ಅಂತ ಹೇಳು ಅವನಿಗೆ" ಎಂದು ಎಲ್ಲವೂ ನನ್ನ ಮೂಲಕ. ಈ ಮನೆಗೆ ಸೊಸೆಯಾಗಿ ಬಂದೆನೋ ಟೆಲಿಫೋನ್ ಕಂಬವಾಗಿ ಬಂದೆನೋ ಎಂದು ರೋಸಿಹೋಗಿತ್ತು. ಇವರಿಬ್ಬರೂ ಬಾಯಿ ಬಿಟ್ಟು ಮಾತಾಡಿದರೆ ಸಾಕು, ನನಗೆ ಬೇರೇನೂ ಬೇಡವಾಗಿತ್ತು.

ಆ ಪುಡಿ ತಂಪಿನಲ್ಲಿರಬೇಕು. ಭಾವ ಒಂಟಿ ಮನುಷ್ಯ, ಅವರ ಮನೆಯಲ್ಲಿ ಫ್ರಿಜ್ಜೂ ಇಲ್ಲ, ಹಸುವೂ ಇಲ್ಲ. ಹಾಗಾಗಿ ಅವರ ಪ್ಯಾಕೆಟ್ಟುಗಳೂ ನಮ್ಮ ಫ್ರಿಜ್ಜಿಗೇ ಬಂದವು. ಬೆಳಿಗ್ಗೆ ಅವರು ಬಂದು ಬಾಗಿಲಾಚೆ ನಿಂತರೆ, ಅತ್ತೆ "ಕುಡಿಯೋದನ್ನ ಕೂತು ಕುಡಿ" ಎಂದು ಗದರಿ ಒಳಗೆ ಕೂರಿಸಿದರು. ನಮ್ಮವರು ಈ ಗೋಡೆಗೆ, ಭಾವ ಆ ಗೋಡೆಗೆ ಮುಖ ಮಾಡಿ ಕುಡಿದರು.

ಒಂದು ಬೆಳಿಗ್ಗೆ ಭಾವ ಗಾಳಿಗೆ ಹೇಳುವವರ ಹಾಗೆ "ಹೊಟ್ಟೆ ಹಗುರ ಆಗ್ಯದೆ ಕಣಮ್ಮ" ಎಂದರು.

ನಮ್ಮವರಿಗೆ ತಡೆಯಲಾಗಲಿಲ್ಲ. "ನಿಂಗೂ ಆಗಿದ್ಯಾ?"

ಅಷ್ಟು ವರ್ಷದ ಮೇಲೆ ತಮ್ಮ ಅಣ್ಣನಿಗೆ ಆಡಿದ ಮೊದಲ ಮಾತು ಅದು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಆಮೇಲೆ ಕೇಳಬೇಕೆ. ಯಾರಿಗೆ ಸಲೀಸಾಯಿತು, ಯಾರಿಗೆ ವಾಯು ಹೋಯಿತು, ಯಾರು ಕುಡಿಯುತ್ತಿರುವುದು ಅಸಲಿ ಎಂದು ದಿನಾ ಅದೇ ಚರ್ಚೆ. ಮರ್ಯಾದಸ್ಥರು ಆಡುವ ಮಾತಲ್ಲ, ಆದರೆ ನನಗೆ ಅದನ್ನು ಕೇಳುವುದೇ ಒಂದು ಸಂತೋಷ.

ಇಷ್ಟರಲ್ಲಿ ಒಂದು ದಿನ ಅತ್ತೆ ಎರಡೂ ಪ್ಯಾಕೆಟ್ ಹರಿದು ಒಂದೇ ಚೊಂಬಿನ ಮಜ್ಜಿಗೆಗೆ ಸುರಿಯುತ್ತಿದ್ದುದನ್ನು ಕಂಡೆ.

"ಅತ್ತೆ, ಬೇರೆ ಬೇರೆ ಕುಡೀಬೇಕು ಅಂದಿದ್ಲಲ್ಲ."

"ಒಂದೇ ಸಾಲಲ್ಲಿ ಕೂರಿಸ್ಕೊಂಡು ಒಬ್ಬನಿಗೆ ಅಸಲಿ, ಇನ್ನೊಬ್ಬನಿಗೆ ಹಿಟ್ಟು ಕೊಡ್ಲಾ? ಪಂಕ್ತಿಭೇದ ಮಾಡೋ ಕೈಯಲ್ಲ ಇದು. ಮೊದಲನೇ ದಿನದಿಂದ್ಲೂ ಹಿಂಗೇ ಬೆರೆಸ್ತಿರೋದು."

ನಾನು ಏನು ಮಾಡಬೇಕಿತ್ತು ಎಂದು ಈಗಲೂ ತಿಳಿಯುತ್ತಿಲ್ಲ. ಹೇಳಿದರೆ ಪುಡಿ ನಿಲ್ಲುತ್ತದೆ, ಭಾವ ಬರುವುದೂ ನಿಲ್ಲುತ್ತದೆ. ಹೇಳದಿದ್ದರೆ ಆ ಹುಡುಗಿ ಊರೂರು ಅಲೆದು ಮಾಡುತ್ತಿರುವ ಕೆಲಸಕ್ಕೆ ಕಲ್ಲು ಹಾಕಿದ ಹಾಗೆ. ನಾಳೆ ಹೇಳೋಣ ಎಂದುಕೊಂಡೆ, ಮರುದಿನವೂ ಹಾಗೇ ಅಂದುಕೊಂಡೆ.

ಸಂಘಮಿತ್ರಾ ವಿಚಾರಿಸಲು ಬಂದಾಗ ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೆಮ್ಮೆಯಿಂದ ಎಲ್ಲ ಹೇಳಿಬಿಟ್ಟರು. ಹುಡುಗಿ ತಲೆಯ ಮೇಲೆ ಕೈಯಿಟ್ಟುಕೊಂಡಳು. ಅಣ್ಣ ತಮ್ಮ ಇಬ್ಬರೂ ಪೆಚ್ಚಾಗಿ ಕೂತರು.

"ಹಂಗಾದ್ರೆ ನನ್ನ ಹೊಟ್ಟೆ ಸರಿಯಾಗಿದ್ದು ಯಾವುದರಿಂದ?" ಎಂದರು ನಮ್ಮವರು.

"ಗೊತ್ತಿಲ್ಲ ಸರ್. ಇನ್ಮೇಲೆ ಗೊತ್ತು ಮಾಡ್ಕೊಳ್ಳಕ್ಕೂ ಆಗಲ್ಲ. ನಿಮ್ಮಿಬ್ಬರನ್ನೂ ಪರೀಕ್ಷೆಯಿಂದ ಕೈಬಿಡಲೇಬೇಕು."

ಅವಳು ಬೈಯಲಿಲ್ಲ. ಫ್ರಿಜ್ಜಿನಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲ ತೆಗೆದು, ಹಿಂದೆ ಏನೂ ಉಳಿದಿಲ್ಲ ಎಂದು ಭಾವನ ಕೈಯಲ್ಲೇ ಫ್ರಿಜ್ಜಿನೊಳಗೆ ಹುಡುಕಿಸಿ, ಚೀಲಕ್ಕೆ ಹಾಕಿಕೊಂಡು ಬೀರೂರಿನ ಬಸ್ಸಿಗೆ ಹೊರಟಳು. ನನಗೆ ಅವಳ ಮುಖ ನೋಡಲು ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಭಾವ ಬರಲಿಲ್ಲ. ಅತ್ತೆ ಮಜ್ಜಿಗೆ ಕಡೆದು ಚೊಂಬಿಗೆ ಸುರಿದಿಟ್ಟಿದ್ದರು. ನಮ್ಮವರು ಬಾಗಿಲ ಕಡೆ ನೋಡಿ ನೋಡಿ ಕೊನೆಗೆ ಸಿಡುಕಿದರು. "ಪುಡಿಗೋಸ್ಕರ ಬತ್ತಿದ್ದ ಕಣೇ ಅವನು, ನಮಗೋಸ್ಕರ ಅಲ್ಲ. ಮೋಟರು ಆನ್ ಮಾಡಬೇಕು, ಹೋಗಿ ಹೇಳು ಅವನಿಗೆ."

ಮತ್ತೆ ಅದೇ 'ಹೇಳು ಅವನಿಗೆ'. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಅಡುಗೆಮನೆಗೆ ಹೋಗಿ, ನಮ್ಮವರಿಗೆ ಕಾಣುವ ಹಾಗೇ, ಒಂದು ಹಿಡಿ ಹುರಿಗಡಲೆಯನ್ನು ಮಿಕ್ಸಿಗೆ ಹಾಕಿ ನುಣ್ಣಗೆ ಮಾಡಿದೆ. ಚೊಂಬಿನ ಮಜ್ಜಿಗೆಗೆ ಸುರಿದು ಕಲಕಿದೆ. ಆಮೇಲೆ ಪಕ್ಕದ ಮನೆಗೆ ಹೋದೆ. ಭಾವ ಹೊಸಿಲ ಮೇಲೆ ಕೂತು ನಮ್ಮ ಮನೆಯ ಕಡೆಗೇ ನೋಡುತ್ತಿದ್ದರು.

"ಭಾವ, ಒಂದು ಪ್ಯಾಕೆಟ್ ಉಳ್ಕೊಂಡಿತ್ತು. ಬನ್ನಿ, ಬೆರೆಸಿದೀನಿ."

ಅವರು ನನ್ನನ್ನು ಒಂದು ಗಳಿಗೆ ನೋಡಿದರು. "ಉಳ್ಕೊಂಡಿತ್ತಾ" ಎಂದು ಎದ್ದು ಬಂದರು.

ಅಣ್ಣ ತಮ್ಮ ಅಕ್ಕಪಕ್ಕ ಕೂತರು. ನಮ್ಮವರು ಒಂದು ಗುಟುಕು ಕುಡಿದು ನನ್ನತ್ತ ತಿರುಗಿದರು. ಈಗ ಹೇಳಿಬಿಡುತ್ತಾರೆ ಎಂದುಕೊಂಡೆ.

"ಇವತ್ತಿಂದು ಅಸಲಿ ಕಣೋ ಅಣ್ಣ" ಎಂದರು ಅವರು.

ಭಾವ ಮಜ್ಜಿಗೆಯನ್ನು ಪೂರ್ತಿ ಮುಗಿಸಿ, ಮೀಸೆಗೆ ಅಂಟಿದ್ದ ಹುರಿಗಡಲೆ ಹಿಟ್ಟನ್ನು ಒರೆಸಿಕೊಂಡರು. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ನನಗೆ ಹೇಳಲು ಬಾರದು.

"ನಾಳೆಗೂ ಉಳಿದದೇನಮ್ಮ?" ಎಂದು ಕೇಳಿದರು.

"ಬೇಕಾದಷ್ಟಿದೆ ಭಾವ" ಎಂದೆ.