ತ್ರಾನ್ಸಿತೊ ಮನೆಯ ಗೋಡೆ ಬೆಳ್ಳಗಾದ ಮಧ್ಯಾಹ್ನ

ಮೇ ತಿಂಗಳ ಕೊನೆ, ಊರೆಲ್ಲ ಉಂಡು ಮಲಗುವ ಹೊತ್ತು. ನಾಯಿ ಕೂಡ ಒಂದು ನೆರಳಿಂದ ಇನ್ನೊಂದಕ್ಕೆ ಹೋಗಲು ಯೋಚಿಸುವಂಥ ಬಿಸಿಲು. ನಮ್ಮ ಬೀದಿಯಲ್ಲಿ ಎಚ್ಚರವಾಗಿದ್ದವಳು ಇಂಗರ್ ಒಬ್ಬಳೇ. ಡೆನ್ಮಾರ್ಕಿನವಳು. ಎರಡು ವಾರಕ್ಕೆಂದು ಬಂದು ನನ್ನ ಮಹಡಿ ಕೋಣೆ ಹಿಡಿದವಳು ಚಳಿಗಾಲ ಕಳೆದರೂ ಹೊರಡಲಿಲ್ಲ. ಮಧ್ಯಾಹ್ನದ ನಿದ್ದೆಯೊಂದು ಬಿಟ್ಟು ನಮ್ಮದೆಲ್ಲ ಕಲಿತಿದ್ದಳು.

ಅದು ಸುಣ್ಣದ ವಾರ. ಇಗರ್ಜಿಯಿಂದ ಕೊರ್ಪುಸ್ ಹಬ್ಬದ ಮೆರವಣಿಗೆ ಬರುವ ಮೊದಲು ಹೆಂಗಸರೆಲ್ಲ ತಂತಮ್ಮ ಗೋಡೆಗೆ ಸುಣ್ಣ ಬಳಿಯಬೇಕು. ಎಲ್ಲರದೂ ಆಗಿತ್ತು, ಎದುರುಮನೆ ತ್ರಾನ್ಸಿತೊಳದ್ದು ಬಿಟ್ಟು.

ಸಾವಿನ ಮನೆಗೆ ಸುಣ್ಣ ಬಳಿಯುವುದಿಲ್ಲ. ಶೋಕ ಮುಗಿಯುವ ತನಕ ಗೋಡೆಯೂ ಕಪ್ಪು ಉಟ್ಟ ಹಾಗೆ. ತ್ರಾನ್ಸಿತೊಳ ಗಂಡ ತೀರಿಕೊಂಡಾಗ ಶುರುವಾದದ್ದು. ಅವನದು ಮುಗಿಯುವ ಹೊತ್ತಿಗೆ ಅತ್ತೆ ಹೋದಳು. ಆಮೇಲೆ ಏಸಿಹಾ ಊರಿನಲ್ಲಿದ್ದ ಅವಳ ದೊಡ್ಡಪ್ಪನ ಮಗ. ಅವನ ಮುಖ ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. ಗೋಡೆ ಬೂದಿಬಣ್ಣಕ್ಕೆ ತಿರುಗಿತು, ಒಳಗೆ ಮಗಳು ಕಸಿಲ್ದಾ ಕಪ್ಪು ಬಟ್ಟೆಯಲ್ಲೇ ಮೂವತ್ತು ದಾಟಿದಳು. ಗೋಡೆ ಬೆಳ್ಳಗಾಗದೆ ಮದುವೆ ಇಲ್ಲ. ಎಣ್ಣೆಗಾಣದ ಲೆಯಾಂದ್ರೊ ಸಂಜೆ ಸಂಜೆ ಅವಳ ಕಿಟಕಿ ಸರಳಿನ ಹೊರಗೆ ನಿಂತು ನಿಂತು ತಲೆ ನರೆಸಿಕೊಂಡಿದ್ದ. ಈಗ ನದಿಯಾಚೆ ಊರಿನ ಗಾಣದಲ್ಲಿ ಅವನಿಗೆ ಮೇಸ್ತ್ರಿ ಕೆಲಸ ಸಿಕ್ಕಿತ್ತು. ಜೂನ್ ಕೊನೆಯ ಸಾನ್ ಹುವಾನ್ ಹಬ್ಬ ಕಳೆದರೆ ಹೊರಡಲೇಬೇಕು, ಕಸಿಲ್ದಾ ಬಂದರೂ ಸೈ, ಬಾರದಿದ್ದರೂ ಸೈ.

ಗೋಡೆಯ ಸಂಗತಿ ಇಂಗರಿಗೆ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ಹೇಳುತ್ತಾರೆ? ಕಪ್ಪು ಉಡುವುದೋ, ನಮ್ಮಲ್ಲಿ ಅರ್ಧ ಹೆಂಗಸರು ಉಡುತ್ತಾರೆ. ಗಂಡಸಿಲ್ಲದ ಮನೆ, ಕೈಲಾಗದೆ ಬಿಟ್ಟಿದ್ದಾರೆ ಎಂದುಕೊಂಡಳು ಪಾಪ. ನನ್ನ ಹಂಡೆಯಲ್ಲಿ ಮಿಕ್ಕಿದ್ದ ಸುಣ್ಣ ಹೊತ್ತುಕೊಂಡು ಹೋದಳು.

ನಾನು ಎದ್ದು ಬಾಗಿಲ ಪರದೆ ಸರಿಸಿದೆ. ಹಸಿ ಸುಣ್ಣ ಬಳಿದಾಗ ಕಾಣುವುದಿಲ್ಲ, ಒಣಗುತ್ತಾ ಒಣಗುತ್ತಾ ಬಿಳಿ ಏಳುತ್ತದೆ. ಎದುರುಗೋಡೆ ಮೇಲಿಂದ ಕೆಳಗೆ ಬೆಳ್ಳಗಾಗುತ್ತಿತ್ತು.

"ಅಯ್ಯೋ ಮಾರಾಯ್ತಿ, ಏನ್ ಮಾಡ್ಬಿಟ್ಟೆ!"

"ಯಾಕೆ ಫುಯೆನ್ಸಾಂತಾ, ಚೆನ್ನಾಗಿಲ್ವಾ?" ಅಂದಳು ಇಂಗರ್. ಮೂಗಿನ ತುದಿಗೂ ಸುಣ್ಣ.

ರೊಟ್ಟಿ ಸುಡುವ ಬಾಸಿಲಿಯಾ ಹೊರಗೆ ಬಂದವಳೇ ಎದೆಯ ಮೇಲೆ ಶಿಲುಬೆ ಗೀಟಿಕೊಂಡಳು. "ಮಲ್ಕೊಳ್ಳೇ ಮಲ್ಕೊಳ್ಳೇ ಅಂತ ಬಡ್ಕೊಂಡೆ. ಬಿಸಿಲಲ್ಲಿ ತಲೆ ಕಾಯಿಸ್ಕೊಂಡ್ರೆ ಹಿಂಗೇ ಆಗೋದು."

ಎರಡು ಮಾತಿನಲ್ಲಿ ತಿಳಿಸಿ ಹೇಳಿದೆ. ಇಂಗರಳ ಮುಖವೂ ಸುಣ್ಣವಾಯಿತು. "ಕೆರೆದು ತೆಗೀತೀನಿ."

"ತೆಗಿ, ನೋಡಣ," ಅಂದಳು ಬಾಸಿಲಿಯಾ. "ಆಡಿದ ಮಾತು, ಹಿಡಿದ ಸುಣ್ಣ, ಎರಡೂ ವಾಪಸ್ ಬರಲ್ಲ ತಾಯಿ."

ಅಷ್ಟರಲ್ಲಿ ತ್ರಾನ್ಸಿತೊ ಬಾಗಿಲು ತೆರೆದಳು. ಗೋಡೆ ನೋಡಿದಳು. ಒಳಗೆ ಹೋಗಿ ಆ ಬಿಳಿಯ ಮೇಲೆ ಎರಚಲು ಒಲೆಯ ಬೂದಿ ಕಲಸಿದ ನೀರು ಬಕೆಟ್ಟಿನಲ್ಲಿ ತಂದಳು.

"ಗೊತ್ತಿಲ್ದೆ ಮಾಡಿದಾಳೆ ಕಣೇ," ಅಂದೆ.

"ಗೊತ್ತಿಲ್ದೋರು ಅವರವರ ಊರಲ್ಲಿರ್ಬೇಕು."

"ತಪ್ಪು ನಂದೇ. ನಾಳೆ ಬಸ್ಸಿಗೆ ಹೋಗ್ತೀನಿ," ಅಂದಳು ಇಂಗರ್.

ತ್ರಾನ್ಸಿತೊ ಬಕೆಟ್ಟು ಎತ್ತಿದಳು. ಆಗ ಕಸಿಲ್ದಾ ಹೊರಗೆ ಬಂದಳು. ಅಂಗೈಯನ್ನು ಗೋಡೆಗೆ ಒತ್ತಿದಳು, ಆ ಬಿಳಿ ಕೈಯನ್ನು ನಿಧಾನವಾಗಿ ತನ್ನ ಕಪ್ಪು ಲಂಗಕ್ಕೆ ಒರೆಸಿಕೊಂಡಳು.

"ಎರಚಮ್ಮ. ಆದ್ರೆ ಈ ಸಲ ಯಾರ ಹೆಸ್ರಿಗೆ ಅಂತ ಹೇಳಿ ಎರಚು."

"ನಿಮ್ಮಪ್ಪ..."

"ಅಪ್ಪಂದು ಮುಗೀತು. ಅಜ್ಜೀದೂ ಮುಗೀತು. ಏಸಿಹಾದವನದು ಈಸ್ಟರ್‌ಗೆ ಮುಗೀತು, ನೀನೇ ಮೇಣದಬತ್ತಿ ಹಚ್ಚಿ ಬಂದೆ. ಇನ್ಯಾರಿದಾರೆ? ನಾನಾ?"

ಬಕೆಟ್ಟಿನ ಅಂಚಿಂದ ಹನಿ ಬೀಳುತ್ತಿತ್ತು, ಗೋಡೆ ತನ್ನ ಪಾಡಿಗೆ ಬೆಳ್ಳಗಾಗುತ್ತಲೇ ಇತ್ತು. ತ್ರಾನ್ಸಿತೊ ಮಗಳನ್ನು ನೋಡಿದಳು, ಎಷ್ಟೋ ವರ್ಷದಿಂದ ನೋಡದವಳ ಹಾಗೆ. ಆಮೇಲೆ ಬಾಗಿಲ ಮೇಲಕ್ಕೆ ಕಣ್ಣು ಹಾಯಿಸಿದಳು.

"ಆ ಮೂಲೆ ಬಿಟ್ಟಿದಾಳೆ ನೋಡು, ಈ ಪರದೇಶದವಳು," ಅಂದಳು. "ಮಾಡಿದ್ರೆ ನೆಟ್ಟಗೆ ಮಾಡ್ಬೇಕು."

ಬೂದಿನೀರನ್ನು ಚರಂಡಿಗೆ ಚೆಲ್ಲಿ ಕುಂಚಕ್ಕೆ ಕೈ ಚಾಚಿದಳು. ಇಂಗರ್ ಕೊಟ್ಟಳು. ಬಾಸಿಲಿಯಾ ಓಡಿಹೋಗಿ ಏಣಿ ತಂದಳು.

ಮೆರವಣಿಗೆ ಬಂದಾಗ ಬೀದಿಯಲ್ಲಿ ಆ ಗೋಡೆಯೇ ಎಲ್ಲಕ್ಕಿಂತ ಬಿಳಿ. ಹಳೆಯ ಗೋಡೆ, ಬಾಯಾರಿತ್ತು, ಚೆನ್ನಾಗಿ ಕುಡಿಯಿತು. ಸಾನ್ ಹುವಾನ್ ದಿನವೇ ಮದುವೆ ಆಯಿತು. ಇಂಗರ್ ಆ ಬಸ್ಸು ಹತ್ತಲೇ ಇಲ್ಲ. ಈಗಲೂ ಮೇ ಬಂದರೆ ಅವಳೂ ತ್ರಾನ್ಸಿತೊಳೂ ಒಂದೇ ಹಂಡೆಯಲ್ಲಿ ಸುಣ್ಣ ಅರಳಿಸುತ್ತಾರೆ, ಮೂಲೆಗಳ ಬಗ್ಗೆ ಜಗಳವಾಡುತ್ತಾರೆ.

ಬೀದಿ ಬಿಟ್ಟು ಹೋದವಳು ಕಸಿಲ್ದಾ ಒಬ್ಬಳೇ. ಹಬ್ಬ ಕಳೆದ ಸೋಮವಾರ, ನೀಲಿ ಬಟ್ಟೆ ಉಟ್ಟು, ಲೆಯಾಂದ್ರೊನ ಪಕ್ಕ ಗಾಣದ ಲಾರಿಯಲ್ಲಿ ಕೂತು ಹೋದಳು.